ಬೇಲಿಯಿಲ್ಲದ ಹೊಲಗಳ ಊರು

"ನಿಮ್ಮೂರಲ್ಲಿ ಜ್ಯೂರಿ ಇಲ್ವಾ? ಹಾಗಾದ್ರೆ ಒತ್ತುವರಿ ಮಾಡಿದವರನ್ನ ಕೇಳೋರು ಯಾರು?" ಪಕ್ಕದ ಮನೆಯ ಅಜ್ಜ ಹೀಗೆ ಕೇಳಿದಾಗಿನಿಂದ ಮನಸ್ಸಿಗೆ ಸಮಾಧಾನವಿಲ್ಲ.

ಅವರು ಇಂಗ್ಲೆಂಡಿನ ಲ್ಯಾಕ್ಸ್ಟನ್‌ನವರು. ನಾಟಿಂಗ್‌ಹ್ಯಾಮ್‌ಶೈರ್‌ನ ಪುಟ್ಟ ಹಳ್ಳಿ ಅದು. ಹೊಲದ ಗಡಿ ನೋಡಿಕೊಳ್ಳುವ ರೈತರ ಗುಂಪಿಗೆ ಅಲ್ಲಿ ಜ್ಯೂರಿ ಅನ್ನುತ್ತಾರೆ. ರೈತರ ಮನೆಗಳೆಲ್ಲ ಊರ ಬೀದಿಯಲ್ಲಿ ಸಾಲಾಗಿವೆ. ಹೊಲಗಳು ಊರಾಚೆ. ವೆಸ್ಟ್ ಫೀಲ್ಡ್, ಸೌತ್ ಫೀಲ್ಡ್, ಮಿಲ್ ಫೀಲ್ಡ್ ಅಂತ ಮೂರು ದೊಡ್ಡ ಬಯಲು, ಒಳಗೆ ಒಬ್ಬೊಬ್ಬ ರೈತನದು ಅಲ್ಲೊಂದು ಇಲ್ಲೊಂದು ಪಟ್ಟಿ. ನಡುವೆ ಬೇಲಿಯಿಲ್ಲ. ಒಂದು ಬಯಲಿಗೆ ಚಳಿಗಾಲದ ಗೋಧಿ, ಇನ್ನೊಂದಕ್ಕೆ ವಸಂತದ ಬೆಳೆ, ಮೂರನೆಯದು ಬೀಳು. ವರ್ಷ ವರ್ಷ ಸರದಿ ಬದಲಾಗುತ್ತದೆ.

ಒಂದು ಕಾಲಕ್ಕೆ ಇಂಗ್ಲೆಂಡಿನ ಬಹುಭಾಗ ಹೀಗೇ ಇತ್ತು. ಆಮೇಲೆ, ಹೆಚ್ಚಾಗಿ 1750ರಿಂದ 1850ರ ನಡುವೆ, ಪಾರ್ಲಿಮೆಂಟಿನ ಕಾಯ್ದೆಗಳ ಬಲದಿಂದ ಬಯಲುಗಳಿಗೆ ಬೇಲಿ ಬಿತ್ತು. ಹಸು ಮೇಯಿಸಲು ಊರ ಹುಲ್ಲನ್ನೇ ನಂಬಿದ್ದ ಬಡವರು ಬರಿಗೈಯಾದರು. ಇಂಗ್ಲಿಷರೆಲ್ಲ ನ್ಯಾಯವಂತರು ಅಂತ ನಾನು ಹೇಳ್ತಿಲ್ಲ. ಆದರೆ ಲ್ಯಾಕ್ಸ್ಟನ್ ಉಳಿದುಕೊಂಡಿತು. ಮಾರ್ಕ್ ಪಿಯರ್ಸ್ 1635ರಲ್ಲಿ ಬರೆದ ಊರ ನಕ್ಷೆಯಲ್ಲಿ ಪಟ್ಟಿಗಳು ಒಂದೊಂದಾಗಿ ಕಾಣುತ್ತವೆ. ಈಗ ಪಟ್ಟಿಗಳು ಕಡಿಮೆ, ಅಗಲ ಜಾಸ್ತಿ, ಅಷ್ಟೇ. 1952ರಲ್ಲಿ ಸರ್ಕಾರ ಈ ಜಮೀನು ಕೊಂಡಿತು, 1981ರಲ್ಲಿ ರಾಜಸತ್ತೆಯ ಆಸ್ತಿ ನೋಡಿಕೊಳ್ಳುವ ಕ್ರೌನ್ ಎಸ್ಟೇಟ್‌ಗೆ ಕೊಟ್ಟಿತು, 2020ರಲ್ಲಿ ಅದು ಖಾಸಗಿ ಜಮೀನ್ದಾರರಾದ ಥೋರ್ಸ್‌ಬಿ ಎಸ್ಟೇಟ್ ಪಾಲಾಯಿತು. ಒಡೆಯರು ಬದಲಾದರೂ ಗೇಣಿ ರೈತರ ಜ್ಯೂರಿ ನಿಲ್ಲಲಿಲ್ಲ.

ನವೆಂಬರ್ ಕೊನೆಯ ಗುರುವಾರ ಜ್ಯೂರಿಯ ರೈತರು ಗೋಧಿ ಬಿತ್ತಿದ ಬಯಲಿಗೆ ಹೋಗುತ್ತಾರೆ. ಯಾರಾದರೂ ದಾರಿಗೋ ಪಕ್ಕದ ಹುಲ್ಲಿಗೋ ನೇಗಿಲು ಒತ್ತಿದ್ದಾರಾ ಅಂತ ಕಣ್ಣಳತೆಯಲ್ಲೇ ನೋಡಿ, ಗಡಿ ಇರಬೇಕಾದ ಕಡೆ ಮರದ ಗೂಟ ಹೊಡೆಯುತ್ತಾರೆ. ಉಳುಮೆಗೆ ಬಾರದ ಆ ಹುಲ್ಲುಪಟ್ಟಿಗೆ ಸೈಕ್ ಅನ್ನುತ್ತಾರೆ. ಮಧ್ಯಾಹ್ನ ಊರ ಪಬ್ ಡವ್‌ಕೋಟ್ ಇನ್‌ನಲ್ಲಿ ಒಟ್ಟಿಗೆ ಊಟ, ಅಲ್ಲೇ ದಂಡ ಎಷ್ಟು ಅಂತ ಮಾತು. ಮುಂದಿನ ವಾರ ಕೋರ್ಟ್ ಲೀಟ್, ಅಂದರೆ ಊರಿನ ಹಳೇ ಕಾಲದ ನ್ಯಾಯಸಭೆ, ಕೂತು ಅದನ್ನು ಖಾಯಂ ಮಾಡುತ್ತದೆ. ದಂಡ ಕೆಲವೇ ಪೌಂಡು. ಆದರೆ ಊರವರೆದುರು ಹೆಸರು ಓದುತ್ತಾರಲ್ಲ, ಅದು ಸಣ್ಣದಲ್ಲ.

ಅಜ್ಜನಿಗೆ ನಾನು ನಮ್ಮೂರ ಗೋಮಾಳದ ಕಥೆ ಹೇಳಿದೆ. ನೂರು ದನಕ್ಕೆ 30 ಎಕರೆ ಗೋಮಾಳ ಬಿಡಬೇಕು ಅಂತ ನಮ್ಮಲ್ಲೂ ನಿಯಮ ಉಂಟು. ಚಿಕ್ಕಂದಿನಲ್ಲಿ ಸ್ಕೂಲು ಬಿಟ್ಟ ಮೇಲೆ ಅಲ್ಲೇ ದನ ಕಾಯ್ತಿದ್ವಿ. ಮಳೆ ಬಿದ್ದು ವಾರಕ್ಕೆ ಹುಲ್ಲು ಪಾದ ಮುಚ್ಚುತ್ತಿತ್ತು. ಮೊದಲು ಒಬ್ಬರು ಅಂಚಿನಲ್ಲಿ ಎರಡು ಸಾಲು ಉತ್ತರು. ಆಮೇಲೆ ಬಾಂದು ಕಲ್ಲು ಮಾಯವಾಯಿತು, ಬಗರ್ ಹುಕುಂ ಅರ್ಜಿ ಬಂತು. ಈಗ ಅಲ್ಲಿ ಅಡಿಕೆ ತೋಟ.

ಮೊನ್ನೆ ಅಪ್ಪನಿಗೆ ಫೋನ್ ಮಾಡಿ, "ಮೊದಲ ಸಾಲು ಉತ್ತಾಗಲೇ ಯಾಕೆ ಯಾರೂ ಕೇಳಲಿಲ್ಲ?" ಅಂದೆ.

"ಕೇಳಿದ್ರೆ ನಂಟಸ್ತನ ಕೆಡುತ್ತಿತ್ತು ಕಣೋ" ಅಂದರು.

ಲ್ಯಾಕ್ಸ್ಟನ್‌ನಲ್ಲಿ ದಂಡ ಹಾಕುವವರೂ ಹಾಕಿಸಿಕೊಳ್ಳುವವರೂ ನೆರೆಯವರೇ ಅಪ್ಪ, ಅಂದೆ. ಅಪ್ಪ ಮಾತು ಬದಲಿಸಲಿಲ್ಲ. ಆ ಗೂಟ ಎಷ್ಟು ದೂರಕ್ಕೊಂದು ಹೊಡೀತಾರೆ, ಯಾರು ಹೊಡೀತಾರೆ ಅಂತ ತುಂಬಾ ಹೊತ್ತು ಕೇಳುತ್ತಲೇ ಇದ್ದರು.