ಕಡಿವಾಣ ಯಾರ ಕೈಯಲ್ಲಿ?

"ಏರಿಸಿದೆಯಾ?" ಎಂದು ಮಾಸ್ತರರು ಕೇಳಿದರು. "ಏರಿಸಿದೆ" ಎಂದೆ. ಶನಿವಾರದಿಂದ ಈ ಎರಡು ಮಾತು ತಲೆಯಲ್ಲಿ ಸುತ್ತುತ್ತಿವೆ. ನಾನು ಸುಳ್ಳು ಹೇಳಿರಲಿಲ್ಲ. ಬೆರಳು ಏರಿತ್ತು, ಮೈಕಿನ ಧ್ವನಿ ಏರಿಳಿಸುವ ಜಾರುಗುಂಡಿ, ಎಂದರೆ ಫೇಡರೂ ಏರಿತ್ತು. ಧ್ವನಿ ಮಾತ್ರ ಇದ್ದಲ್ಲೇ ಇತ್ತು.

ದೇವಸ್ಥಾನದ ಸಭಾಭವನದಲ್ಲಿ ತಾಳಮದ್ದಳೆ, ವೇಷ ಕುಣಿತವಿಲ್ಲದೆ ಹಾಡು ಮಾತಿನಲ್ಲೇ ನಡೆಯುವ ಯಕ್ಷಗಾನ. ಆಟಿಯ ಮಳೆ ತಗಡಿನ ಮಾಡಿನ ಮೇಲೆ ಚೆಂಡೆಯವರನ್ನೂ ನಾಚಿಸುವಂತೆ ಬಾರಿಸುತ್ತಿತ್ತು. ನನ್ನ ಮುಂದೆ, ಕಾರ್ಯದರ್ಶಿಗಳು ಹೊಸದಾಗಿ ತರಿಸಿದ ಪುಟ್ಟ ಡಿಜಿಟಲ್ ಮಿಕ್ಸರ್. ಮೋಟಾರ್ ಇರುವ ಫೇಡರಿನದ್ದು ದುಬಾರಿ ಎಂದು ಇಲ್ಲದ್ದನ್ನು ತಂದಿದ್ದಾರೆ. ಹೂವಿನ ಅಲಂಕಾರಕ್ಕೆ ಅವರು ಎಂದಾದರೂ ಬೆಲೆ ಕೇಳಿದ್ದು ನನಗೆ ನೆನಪಿಲ್ಲ, ಇರಲಿ.

ಇದರಲ್ಲಿ ಒಂದೇ ಸಾಲು ಫೇಡರುಗಳಿಗೆ ಎರಡು ಸಂಸಾರ. ಒಂದು ಗುಂಡಿ ಒತ್ತಿದರೆ ಅವು ಸಭೆಯ ಧ್ವನಿಯನ್ನು ನೋಡಿಕೊಳ್ಳುತ್ತವೆ, ಇನ್ನೊಂದು ಒತ್ತಿದರೆ ಹಾಡುವ ಭಾಗವತರಿಗೆ ಕೇಳಲೆಂದು ಅವರ ಮುಂದಿಟ್ಟ ಸ್ಪೀಕರನ್ನು, ಎಂದರೆ ಮಾನಿಟರನ್ನು. ಮೋಟಾರ್ ಇದ್ದಿದ್ದರೆ ಒತ್ತಿದೊಡನೆ ತಾವಾಗಿ ಓಡಿ ತಮ್ಮ ತಮ್ಮ ಜಾಗದಲ್ಲಿ ನಿಲ್ಲುತ್ತಿದ್ದವು. ಇಲ್ಲಿ ಅವು ಬೆರಳು ಬಿಟ್ಟಲ್ಲೇ ಬಿದ್ದಿರುತ್ತವೆ. ನಿಜವಾದ ಮಟ್ಟವನ್ನು ಹೇಳುವುದು ಪಕ್ಕದ ಪುಟ್ಟ ದೀಪಗಳ ಸಾಲು. ಫೇಡರ್ ಆ ಮಟ್ಟಕ್ಕೆ ಬಂದು ಮುಟ್ಟುವವರೆಗೆ ಎಷ್ಟು ಸರಿಸಿದರೂ ಏನೂ ಆಗದು. ಮುಟ್ಟಿದ ಮೇಲೆ ಹಿಡಿದುಕೊಳ್ಳುತ್ತದೆ. ಧ್ವನಿ ತಟ್ಟನೆ ಹಾರದಿರಲಿ ಎಂದೇ ಮಾಡಿದ ಏರ್ಪಾಡು ಇದು.

ಶಲ್ಯನ ಅರ್ಥ, ಎಂದರೆ ಆ ಪಾತ್ರ ವಹಿಸಿದವರ ಮಾತು, ತಮ್ಮ ಮಾನಿಟರಿನಲ್ಲಿ ಬೇಡವೆಂದು ಭಾಗವತರು ಕೈಸನ್ನೆ ಮಾಡಿದರು. ಮಾನಿಟರ್ ಗುಂಡಿ ಒತ್ತಿ ಶಲ್ಯನ ಫೇಡರನ್ನು ತಳಕ್ಕೆ ಎಳೆದೆ, ಮತ್ತೆ ಸಭೆಯ ಗುಂಡಿಗೆ ಬಂದೆ. ಸಭೆಯಲ್ಲಿ ಶಲ್ಯ ಮೇಲಿನ ಸೊನ್ನೆಯ ಗೆರೆಯಲ್ಲೇ, ಎಂದರೆ ಮಾಮೂಲು ಮಟ್ಟದಲ್ಲೇ ಇದ್ದರು, ಫೇಡರ್ ಮಾತ್ರ ತಳದಲ್ಲಿತ್ತು. ಅಷ್ಟರಲ್ಲಿ ಮಳೆ ಜೋರಾಯಿತು. ಮುಂದಿನ ಸಾಲಿನಿಂದ ಮಾಸ್ತರರು ಎದ್ದು ಬಂದರು. "ಶಲ್ಯನದ್ದು ಕೇಳುವುದಿಲ್ಲ, ಏರಿಸು." ಅರ್ಧಕ್ಕೆ ತಂದೆ. "ಏರಿಸಿದೆಯಾ?" "ಏರಿಸಿದೆ." ಅವರು ಕಿವಿಗೆ ಅಂಗೈ ಒಡ್ಡಿ ನಿಂತರು. "ಇಲ್ಲವಲ್ಲ!" ನನಗೂ ರೇಗಿತು. ಒಂದೇ ಏಟಿಗೆ ತುದಿಯವರೆಗೆ ತಳ್ಳಿದೆ. ಸೊನ್ನೆ ದಾಟುವಾಗ ಅದು ಹಿಡಿದುಕೊಂಡಿತು, ನನ್ನ ಬೆರಳು ಮಾತ್ರ ನಿಲ್ಲಲಿಲ್ಲ. ಮೇಲೆ ಇನ್ನೂ 10 ಡೆಸಿಬೆಲ್, ಎಂದರೆ ಕಿವಿಗೆ ಹೆಚ್ಚುಕಡಿಮೆ ದುಪ್ಪಟ್ಟು. ಮೈಕ್ ಕುಂಯ್ ಎಂದು ಕೂಗಿಕೊಂಡಿತು.

ಕರ್ಣ ಒಂದು ಕ್ಷಣವೂ ಬಿಡಲಿಲ್ಲ. "ಎಲೈ ಮದ್ರಭೂಪತಿಯೇ, ಈಗ ಕೆನೆದದ್ದು ಕುದುರೆಯೋ, ನೀನೋ?"

"ಕುದುರೆಯಲ್ಲಿ ತಪ್ಪಿಲ್ಲ ಕರ್ಣ. ಇಂದು ಕಡಿವಾಣ ಹಿಂದೆ ಕುಳಿತವನ ಕೈಯಲ್ಲಿದೆ."

ಸಭೆಯೆಲ್ಲ ತಿರುಗಿ ನನ್ನನ್ನು ನೋಡಿ ನಕ್ಕಿತು. ಸಾರಥಿಯ ಹಿಂದೆ ಕುಳಿತವನು ಕರ್ಣನೂ ಹೌದಲ್ಲ! ಒಂದೇ ಬಾಣಕ್ಕೆ ಎರಡು ಗುರಿ. ಮಾಸ್ತರರು ಮಾತ್ರ ನಗದೆ ಹೋಗಿ ತಮ್ಮ ಕುರ್ಚಿಯಲ್ಲಿ ಕುಳಿತರು.

ಹಳೆಯ ಮಿಕ್ಸರಿನಲ್ಲಿ ಕಂಡದ್ದೇ ಸತ್ಯವಾಗಿತ್ತು. ಅದರ ಅಭ್ಯಾಸ ಬೆರಳಿಗೆ ಇನ್ನೂ ಬಿಟ್ಟಿಲ್ಲ. ಇದನ್ನು ಯೋಚಿಸುವಾಗಲೆಲ್ಲ ಅಣ್ಣ ನೆನಪಾಗುತ್ತಾನೆ. ವರ್ಷಕ್ಕೊಮ್ಮೆ ಬೆಂಗಳೂರಿನಿಂದ ಬರುತ್ತಾನೆ. ತೋಟ ಮಾರುವ ಜಗಳವನ್ನು ಹೋದ ಸಲ ಎಲ್ಲಿ ಬಿಟ್ಟಿದ್ದನೋ ಅಲ್ಲಿಂದಲೇ ಎತ್ತಿಕೊಳ್ಳುತ್ತಾನೆ. ಈ ನಡುವೆ ಅಪ್ಪನ ಕಿವಿ ಮಂದವಾಗಿದೆ, ಹಟವೂ ಅಷ್ಟಿಲ್ಲ. ಮಾರಿದರೆ ಮಾರಿ ಎಂದು ನನ್ನೊಡನೆ ಎರಡು ಸಲ ಹೇಳಿದ್ದಾರೆ. ಅಣ್ಣ ಧ್ವನಿ ಏರಿಸುತ್ತಾನೆ, ಅಪ್ಪ ಸುಮ್ಮನಿರುತ್ತಾರೆ. ಇನ್ನೂ ಏರಿಸುತ್ತಾನೆ. ಎಲ್ಲೋ ಒಂದು ಕಡೆ ಹಿಡಿದುಕೊಳ್ಳುತ್ತದೆ, ಆಮೇಲೆ ಮನೆತುಂಬ ಕೂಗು. ನಾನಾದರೂ ನಡುವೆ ಬಾಯಿ ಹಾಕಿ ಹೇಳಬಹುದಿತ್ತು. ಹೇಳಲಿಲ್ಲ.

ಅಂದು ಊಟದ ಪಂಕ್ತಿಯಲ್ಲಿ ಶಲ್ಯ ನನ್ನ ಪಕ್ಕದಲ್ಲೇ ಕುಳಿತರು. ಪಾಯಸ ತಂದವನನ್ನು ತಡೆದು, ನನ್ನ ಎಲೆ ತೋರಿಸಿ, "ಇವರಿಗೆ ಹುರುಳಿ ಇದ್ದರೆ ಬಡಿಸಿ ಮಾರಾಯರೇ" ಎಂದರು. ಎದುರಿನ ಸಾಲಿನಲ್ಲಿದ್ದ ಮಾಸ್ತರರು ಆಗ ನಕ್ಕರು.