ಹಮ್ಮಿಗಿ ಹಿನ್ನೀರಿಗೆ ದೋಣಿ ಎಳೆದುಕೊಂಡು

ದೋಣಿ ಎಳೆದುಕೊಂಡು ಮೀನು ಹಿಡಿಯಲು ಹೊರಟರೆ, ಹುಬ್ಬಳ್ಳಿಯಿಂದ ಅಣ್ಣಿಗೇರಿ, ಗದಗ, ಮುಂಡರಗಿ ಮೇಲೆ ತುಂಗಭದ್ರೆಗೆ ಬ್ಯಾರೇಜ್ ಕಟ್ಟಿರುವ ಹಮ್ಮಿಗಿಗೆ ನೂರು ಕಿಲೋಮೀಟರಿಗೂ ಮಿಕ್ಕಿದ ದಾರಿ. ದಾರಿ ಅಷ್ಟೇನೂ ಕಾಡುವುದಿಲ್ಲ. ಕಾಡುವುದು ಕೊನೆಯ ಐವತ್ತು ಅಡಿ: ತುಂಗಭದ್ರೆಯ ದಂಡೆಯ ಎರೆ ಮಣ್ಣು.

ಹೊರಡುವ ಮುನ್ನ ಭಾರ ನೋಡಿಕೊಳ್ಳಬೇಕು. 14 ಅಡಿಯ ಫೈಬರ್ ದೋಣಿ, ಮೋಟಾರು, ಪೆಟ್ರೋಲ್, ಟ್ರೇಲರ್ ಎಲ್ಲ ಸೇರಿ 300 ಕೆ.ಜಿ. ಇದ್ದರೆ ಕಾರಿನ ಕೊಕ್ಕೆಯ ಮೇಲೆ 25–30 ಕೆ.ಜಿ. ಕೂರಬೇಕು. ಟ್ರೇಲರಿನ ಮೂತಿಯನ್ನು ಮನೆಯ ತೂಕದ ಯಂತ್ರದ ಮೇಲಿಟ್ಟರೆ ಗೊತ್ತಾಗುತ್ತದೆ. ಕಡಿಮೆಯಿದ್ದರೆ ಪಕ್ಕದಲ್ಲಿ ಲಾರಿ ಹಾಯ್ದಾಗ ಟ್ರೇಲರ್ ಹಾವಿನಂತೆ ಹೊಯ್ದಾಡುತ್ತದೆ. ಲಂಗರು, ಪೆಟ್ರೋಲ್ ಡಬ್ಬಿ ಮುಂದಕ್ಕೆ ಸರಿಸಿ ಮತ್ತೆ ತೂಗಿ. ಟ್ರೇಲರಿನ ಸ್ಟೆಪ್ನಿ ಮರೆಯುವವರೇ ಹೆಚ್ಚು. ಕಾರಿನದು ಅದಕ್ಕೆ ಕೂರುವುದಿಲ್ಲ.

ಅಣ್ಣಿಗೇರಿಯಲ್ಲಿ ಚಹಾಕ್ಕೆ ನಿಂತಾಗ ಟ್ರೇಲರಿನ ಎರಡೂ ಗಾಲಿಗಳ ಹಬ್, ಅಂದರೆ ನಡುವಿನ ಗುಂಬ, ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸರಿ. ಅಂಗೈ ಇಡಲಾಗದಷ್ಟು ಸುಡುತ್ತಿದ್ದರೆ ಬೇರಿಂಗ್ ಬಿಗಿಯಾಗಿದೆ, ಇಲ್ಲವೇ ಗ್ರೀಸ್ ಒಣಗಿದೆ. ಗದಗ ದಾಟಿ ಡಂಬಳದ ಕಡೆ ಹೊರಟರೆ ಬಲಕ್ಕೆ ಕಪ್ಪತಗುಡ್ಡ. ಅಲ್ಲಿಯ ಗಾಳಿಯಂತ್ರಗಳು ಬೆಳಿಗ್ಗೆಯೇ ಜೋರಾಗಿ ತಿರುಗುತ್ತಿದ್ದರೆ ಮಧ್ಯಾಹ್ನದೊಳಗೆ ದಂಡೆಗೆ ಮರಳುವ ಲೆಕ್ಕ ಹಾಕಿಕೊಳ್ಳಿ.

ಹೊಳೆ ಮುಟ್ಟಿದ ಕೂಡಲೇ ಟ್ರೇಲರನ್ನು ನೀರಿಗೆ ದೂಡಬೇಡಿ. ಕಾದ ಹಬ್ ತಣ್ಣೀರಿಗೆ ಬಿದ್ದರೆ ಒಳಗಿನ ಗಾಳಿ ಕುಗ್ಗಿ, ಸೀಲಿನ ಸಂದಿಯಿಂದ ನೀರು ಎಳೆದುಕೊಳ್ಳುತ್ತದೆ. ಅರ್ಧ ತಾಸು ಆರಲಿ. ಅಷ್ಟರಲ್ಲಿ ದೀಪದ ವೈರ್ ಬಿಚ್ಚಿ, ದೋಣಿಯ ತಳದ ಬಿರಡೆ ಬಿಗಿಯಾಗಿದೆಯೇ ನೋಡಿ.

ಎರೆ ಮೇಲೆ ಒಣಗಿದಂತೆ ಕಂಡರೂ ಒಳಗೆ ಹಸಿ ಇರುತ್ತದೆ. ಹಿಮ್ಮಡಿಯಿಂದ ಒತ್ತಿ, ಬೂಟು ಎರಡು ಬೆರಳು ಇಳಿದರೆ ಕಾರು ಅಲ್ಲೇ ಗರಸು ನೆಲದಲ್ಲಿ ನಿಲ್ಲಲಿ. ಟ್ರೇಲರಿನ ಗಾಲಿಗೆ ಕಲ್ಲು ಕೊಟ್ಟು, 16 ಮಿ.ಮೀ. ನೈಲಾನ್ ಹಗ್ಗದಿಂದ ಕಾರಿಗೆ ಕಟ್ಟಿದ ಮೇಲೆಯೇ ಕೊಕ್ಕೆ ಬಿಡಿಸಿ. ಗಾಲಿಯ ಕೆಳಗೆ ಆರಡಿ ಹಲಗೆ ಹಾಸಿ, ಕಲ್ಲು ತೆಗೆದು, ಕಾರನ್ನು ಇಂಚಿಂಚು ಹಿಂದೆ ತಂದರೆ ಟ್ರೇಲರ್ ತಾನೇ ಇಳಿಯುತ್ತದೆ. ಹಗ್ಗದ ನೇರಕ್ಕೆ ಯಾರೂ ನಿಲ್ಲಕೂಡದು. ಹರಿದ ನೈಲಾನ್ ಚಾಟಿಯಂತೆ ಬಡಿಯುತ್ತದೆ.

ಟೂ-ಸ್ಟ್ರೋಕ್ ಮೋಟಾರಿಗೆ 50ಕ್ಕೆ 1ರ ಮಿಶ್ರಣವಾದರೆ 10 ಲೀಟರ್ ಪೆಟ್ರೋಲಿಗೆ 200 ಮಿ.ಲೀ. ಎಣ್ಣೆ. ಚಾಲೂ ಆದ ಮೇಲೆ ಮೋಟಾರನ್ನು ತಣ್ಣಗಿಡುವ ನೀರು ಪಕ್ಕದ ತೂತಿನಿಂದ ಚಿಮ್ಮದಿದ್ದರೆ ತಕ್ಷಣ ಆರಿಸಿ, ಕಸ ಸಿಕ್ಕಿರುತ್ತದೆ. ಲೈಫ್ ಜಾಕೆಟ್ ಮೈಮೇಲಿರಲಿ, ಬ್ಯಾರೇಜಿನ ಗೇಟುಗಳಿಂದ ದೂರವೇ ಇರಿ. ಹಿನ್ನೀರಿನಡಿ ಹಳೆಯ ಬದು, ಜಾಲಿ ಬೊಡ್ಡೆ ಇರುವುದರಿಂದ ಏನಾದರೂ ಬಡಿದರೆ ಮುರಿಯುವ ಪ್ರೊಪೆಲರಿನ ಪಿನ್ ಎರಡು ಹೆಚ್ಚಿಗೆ ಬೇಕು. ತೆಪ್ಪದವರನ್ನು ಬಲೆಗಳ ಬಗ್ಗೆ ಮೊದಲೇ ಕೇಳುವುದು ಉತ್ತಮ: “ಅಣ್ಣಾರ, ಬಲಿ ಎಲ್ಲೆಲ್ಲಿ ಬಿಟ್ಟೀರಿ?” ಮೀನು ಹಿಡಿಯುವ ಪರವಾನಗಿ ಮಾತು ಮೀನುಗಾರಿಕೆ ಇಲಾಖೆಯಲ್ಲಿ ಮುಗಿಸಿಯೇ ಬನ್ನಿ.

ಲಂಗರು ಮೂತಿಯಿಂದಲೇ ಇಳಿಯಬೇಕು. ಹಿಂದಿನಿಂದ ಬಿಟ್ಟರೆ ಅಲೆ ಒಳನುಗ್ಗುತ್ತದೆ. 10 ಅಡಿ ಆಳಕ್ಕೆ 50 ಅಡಿ ಹಗ್ಗ. ರೋಹುವಿಗೆ ಶೇಂಗಾ ಹಿಂಡಿ, ಜೋಳದ ಹಿಟ್ಟು ಕಲಸಿದ ಉಂಡೆ ಸಾಕು. ಗಾಳಕ್ಕೆ ಹಚ್ಚುವ ಮೊದಲು ತಂಬಿಗೆಯ ನೀರಿನಲ್ಲಿ ಹಾಕಿ ನೋಡಿ. ಹತ್ತು ನಿಮಿಷದೊಳಗೆ ಕರಗಿದರೆ ಇನ್ನಷ್ಟು ಹಿಟ್ಟು ಬೇಕು.

ಮರಳಿ ಮೇಲೆಳೆದ ಮೇಲೆ ಬಿರಡೆ ತೆಗೆದು ನೀರು ಬಸಿಯಿರಿ. ಮನೆಗೆ ಬಂದು ಹಬ್ಬಿನ ಟೊಪ್ಪಿಗೆ ಬಿಚ್ಚಿ. ಗ್ರೀಸ್ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ನೀರು ಹೊಕ್ಕಿದೆ. ಬೇರಿಂಗ್ ತೊಳೆದು ಹೊಸ ಗ್ರೀಸ್ ತುಂಬಿ, ಸೀಲೂ ಬದಲಿಸಿ.