ಡೆಕ್ ಪ್ಲೈ: ಸೀಲ್ ಅಲ್ಲ, ಅಂಚು ನೋಡಿ

ಹಳೇ ಬೋಟಿನ ಡೆಕ್‌ಗೆ ಏನು ಹಾಕೋಣ ಅಂತ ಮೀಟಿಂಗ್ ಕರೆದರೆ ಎಲ್ಲರೂ ಮಾತಾಡೋದು ಮೇಲೆ ಕಾಣೋದರ ಬಗ್ಗೆನೇ. ತೇಗ ಹಾಕೋಣ್ವಾ, ಇವಿಎ ಅನ್ನೋ ಮೆತ್ತನೆ ಫೋಮ್ ಶೀಟಾ, ಕಲರ್ ಯಾವುದು? ಕೆಳಗಿನ ಪ್ಲೈ ಬಗ್ಗೆ ಕೇಳೋರೇ ಇಲ್ಲ. ಅದಕ್ಕೇ ಇದನ್ನ ಬರೀತಿದ್ದೀನಿ.

ನಮ್ಮದು ಪೀಣ್ಯದಲ್ಲಿ ಎಫ್‌ಆರ್‌ಪಿ, ಅಂದರೆ ಫೈಬರ್ ಕೆಲಸದ ಶೆಡ್. ಬೇಸಿಗೆಯಲ್ಲಿ ಹಿನ್ನೀರಿನ ರೆಸಾರ್ಟ್ ಒಂದರಿಂದ 18 ಅಡಿ ಫೈಬರ್ ಬೋಟ್ ಬಂತು. ಹಲ್, ಅಂದರೆ ಬೋಟಿನ ಹೊರಮೈ, ಗಟ್ಟಿ ಇತ್ತು. ಡೆಕ್ ಮಾತ್ರ ಸುತ್ತಿಗೆ ಹಿಡಿಯಿಂದ ತಟ್ಟಿದರೆ, ಹಗ್ಗ ಕಟ್ಟೋ ಕ್ಲೀಟ್ ಸುತ್ತ ದಬ್ ದಬ್ ಅಂತಿತ್ತು. "ಮೇಲೆ ಇವಿಎ ಅಂಟಿಸಿ ಕಳಿಸ್ರಿ" ಅಂದ್ರು ನಮ್ಮ ಮ್ಯಾನೇಜರ್. ನಾನು ಒಪ್ಪಲಿಲ್ಲ. ಗ್ರೈಂಡರ್ ಹಾಕಿ ಮೇಲಿನ ಪದರ ಎಬ್ಬಿಸಿದರೆ, ಸ್ಕ್ರೂ ತೂತುಗಳಿಂದ ನೀರು ಇಳಿದು ಬಾಲ್ಸಾ ಕೋರ್ (ಫೈಬರ್ ಪದರಗಳ ಮಧ್ಯೆ ಇರೋ ಹಗುರ ಮರ) ಕಪ್ಪಗೆ ಕೊಳೆತು ಹೋಗಿತ್ತು. ಹಿಂಡಿದರೆ ನೀರು.

ಅದರ ಜಾಗಕ್ಕೆ 12 ಮಿ.ಮೀ ಮರೀನ್ ಪ್ಲೈ ಅಂತ ಇಂಡೆಂಟ್ ಹಾಕಿದೆ. ಪರ್ಚೇಸ್‌ನವರು ತರಿಸಿದ ಶೀಟ್ ಮೇಲೆ ಮರೀನ್ ಪ್ಲೈಗಿರೋ ಭಾರತೀಯ ಸ್ಟ್ಯಾಂಡರ್ಡ್ ಐಎಸ್ 710ರ ಸೀಲ್ ಇತ್ತು, ಅಂಚಿಗೆಲ್ಲ ಕೆಂಪು ಬಣ್ಣ ಬಳಿದಿತ್ತು. ಶೀಟ್ ಕೂರಿಸಿ ರೆಸಿನ್ ಹಾಕೋ ಲೇಅಪ್ ದಿನ ಹುಡುಗರು ಇಪಾಕ್ಸಿಗೆ ಹಾರ್ಡನರ್ ಬೆರೆಸಿ ಆಗಿತ್ತು. ನಮ್ಮ ಬಡಗಿ ಆಚಾರ್ರು ಮೊದಲ ಶೀಟ್ ಕುಯ್ದು, ಅಂಚು ತಿರುಗಿಸಿ ಹಿಡಿದು, "ಸಾರ್, ಇಲ್ಲಿ ಬನ್ನಿ" ಅಂದ್ರು. ಒಳಗಿನ ಎರಡು ವೆನೀರ್ (ತೆಳು ಮರದ ಹಾಳೆ) ಮಧ್ಯೆ ನನ್ನ ಪೆನ್ಸಿಲ್ ತುದಿ ಹೋಗುವಷ್ಟು ಸಂದು. ಇನ್ನೊಂದು ಶೀಟ್ ಕುಯ್ದರು, ಅದರಲ್ಲೂ ಅದೇ.

ಇಪಾಕ್ಸಿ ಬಕೆಟ್ ಮುಟ್ಟಿದೆ, ಗಟ್ಟಿಯಾಗೋಕೆ ಶುರುವಾಗಿ ಬೆಚ್ಚಗಾಗಿತ್ತು. ಮ್ಯಾನೇಜರ್ ಓಡಿ ಬಂದು, "ಸೀಲ್ ಇದೆಯಲ್ಲ, ಹಾಕ್ರಿ, ರೆಸಿನ್ ಹಾಳಾಗುತ್ತೆ" ಅಂದ್ರು. ಹುಡುಗರು ರೋಲರ್ ಹಿಡಿದು ನನ್ನ ಮುಖಾನೇ ನೋಡ್ತಾ ನಿಂತಿದ್ರು. ಆ ಸಂದಿಗೆ ಒಂದು ಸಲ ನೀರು ಹೊಕ್ಕರೆ ಹೊರಗೆ ಬರೋ ದಾರಿ ಇಲ್ಲ, ಮತ್ತೆ ಅದೇ ಕೊಳೆತ. "ಬೇಡ" ಅಂದೆ. ಬಕೆಟ್‌ನಲ್ಲೇ ಬಿಟ್ಟರೆ ಹೊಗೆ ಏಳುತ್ತೆ ಅಂತ ಅಗಲದ ಟ್ರೇಗೆ ಸುರಿಸಿ ಹರಡಿಸಿದೆ. ಸ್ವಲ್ಪ ಹೊತ್ತು ಸಿಕ್ಕಿತು. ಅಷ್ಟರಲ್ಲಿ ಕ್ಲೀಟ್ ತೂತುಗಳನ್ನ ತುಂಬಿಸಿದೆವು. ಉಳಿದದ್ದು ಟ್ರೇಯಲ್ಲೇ ಕಲ್ಲಾಯ್ತು. ಆ ಖರ್ಚಿಗೆ ಬೈಸಿಕೊಂಡೆ. ಇವತ್ತಿಗೂ ಬೇಜಾರಿಲ್ಲ.

ಆಮೇಲೆ ಆಚಾರ್ರನ್ನ ಕರ್ಕೊಂಡು ಮೈಸೂರು ರಸ್ತೆ ಟಿಂಬರ್ ಯಾರ್ಡ್‌ಗೆ ನಾನೇ ಹೋದೆ. ದುಡ್ಡು ಕೊಡೋ ಮುಂಚೆ ಅಂಗಡಿಯಲ್ಲೇ ಮೂಲೆ ಕುಯ್ಸಿ ನೋಡಿದೆವು. ಸ್ಟ್ಯಾಂಡರ್ಡ್ ಪ್ರಕಾರ ಮರೀನ್ ಪ್ಲೈ 72 ಗಂಟೆ ಕುದಿಸಿದರೂ ಅಂಟು ಬಿಡಬಾರದು. ಒಂದು ತುಂಡನ್ನ ಕ್ಯಾಂಟೀನಿನ ಹಳೇ ಪಾತ್ರೆಯಲ್ಲಿ ಒಂದು ಶಿಫ್ಟ್ ಪೂರ್ತಿ ಕುದಿಸಿದೆವು, ಪದರ ಬಿಚ್ಚಲಿಲ್ಲ. ಕುಯ್ದ ಪ್ರತಿ ಅಂಚಿಗೂ, ಪ್ರತಿ ತೂತಿಗೂ ಇಪಾಕ್ಸಿ ಕುಡಿಸಿದ ಮೇಲೇ ಶೀಟ್ ಕೂರಿಸಿದ್ದು.

ರೆಸಾರ್ಟ್‌ನವರಿಗೆ ತೇಗದ ಆಸೆ ಇತ್ತು. 6 ಮಿ.ಮೀ ತೇಗ ಅಂದರೆ ಚದರ ಮೀಟರ್‌ಗೆ ಸುಮಾರು 4 ಕೆ.ಜಿ, ಅದೂ ಎತ್ತರದಲ್ಲಿ. ಸಣ್ಣ ಬೋಟು ಓಲಾಡುತ್ತೆ. ಜೊತೆಗೆ ಸ್ಕ್ರೂ ಹೊಡೆದರೆ ಮತ್ತೆ ತೂತು. ಅಂಟಿಸೋದಾದರೆ ತೇಗದ ಎಣ್ಣೆಯಂಶವನ್ನ ಅಸಿಟೋನ್‌ನಲ್ಲಿ ಒರೆಸಬೇಕು. ಇಷ್ಟೆಲ್ಲ ಹೇಳಿದ ಮೇಲೆ ಇವಿಎಗೆ ಒಪ್ಪಿದರು. ಕಡುಬಣ್ಣದ್ದು ಮಧ್ಯಾಹ್ನದ ಬಿಸಿಲಿಗೆ ಬರಿಗಾಲು ಸುಡುತ್ತೆ ಅಂತ ತಿಳಿ ಬೂದು ಹಾಕಿಸಿದೆ.

ಪರ್ಚೇಸ್‌ನವರ ಪಿಒದಲ್ಲಿ (ಖರೀದಿ ಆರ್ಡರ್) ಈಗಲೂ "ವಾಟರ್‌ಪ್ರೂಫ್ ಪ್ಲೈ" ಅಂತಲೇ ಇರುತ್ತೆ. "ಐಎಸ್ 710, ಕುಯ್ದು ನೋಡಿ ಪಾಸ್ ಮಾಡಿದ ಮೇಲೇ ಪೇಮೆಂಟ್" ಅಂತ ಒಂದು ಸಾಲು ಸೇರಿಸಿ ಅಂತ ಮೇಲ್ ಹಾಕಿದ್ದೀನಿ. ಇನ್ನೂ ಸೈನ್ ಆಗಿಲ್ಲ. ಅಲ್ಲಿವರೆಗೆ ಸ್ಟೋರ್‌ಗೆ ಬಂದ ಪ್ರತಿ ಲಾಟ್‌ನಲ್ಲೂ ಒಂದು ಮೂಲೆ ನಾವೇ ಕುಯ್ತೀವಿ.